ಗೇಟಿಗೆ ಕಟ್ಟಿದ ಗುವಾಮ್ ಬ್ಯಾನರ್

ಬ್ಯಾನರ್ ಕಂಡೊಡನೆ ದಮಯಂತಿ ಟೀಚರ್ ನಿಂತಲ್ಲೇ ನಿಂತಳು.

ಅರಬ್ ನಾಡಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜಿನ ಗೇಟಿಗೆ ಯಾರೋ ಅದನ್ನು ಬಿಗಿದಿದ್ದರು. ಬಿಳಿ ಬಟ್ಟೆ, ಕೆಂಪು ಇಂಗ್ಲಿಷ್ ಅಕ್ಷರ—‘ನಾವು ಹೊರನಡೆಯುತ್ತೇವೆ!’ ಬರೆದವಳು ಅವಳೇ, ಶಾಲೆಯ ಮಕ್ಕಳ ನಾಟಕಕ್ಕೆ. ಚೌಕಟ್ಟು ಕಟ್ಟಿಸಲೆಂದು ಗ್ಯಾರೇಜಿನ ವೆಲ್ಡರ್ ಹೊನ್ನಪ್ಪನಿಗೆ ನಿನ್ನೆ ತಾನೇ ಕೊಟ್ಟುಹೋಗಿದ್ದಳು.

ಅದು ೧೯೮೬. ಎಣ್ಣೆಯ ಬೆಲೆ ನೆಲಕಚ್ಚಿತ್ತು. ಯಾರ ಕೆಲಸ ಯಾವಾಗ ಹೋಗುತ್ತದೋ ಯಾರಿಗೂ ತಿಳಿಯದು. ಇಂಥ ಹೊತ್ತಲ್ಲಿ ಮುಷ್ಕರದ ಮಾತೆಂದರೆ—ಪೊಲೀಸ್, ಗಡೀಪಾರು!

“ಹೊನ್ನಪ್ಪನೇ ಕಟ್ಟಿದ್ದು! ಹುಡುಗರನ್ನ ಎತ್ತಿಕಟ್ತಿದ್ದಾನೆ,” ಮ್ಯಾನೇಜರ್ ಭೋಜರಾಜ ಕಫೀಲರ ಮುಂದೆ ಕೂಗಾಡುತ್ತಿದ್ದ. ಗ್ಯಾರೇಜಿನ ಒಡೆಯರೂ ಇವರೆಲ್ಲರ ವೀಸಾಕ್ಕೆ ಹೊಣೆಗಾರರೂ ಆದ ಅರಬ್ ಕಫೀಲರ ಹುಬ್ಬು ಗಂಟಾಗಿತ್ತು.

“ದೇವರಾಣೆ ನಾನಲ್ಲ. ಸ್ಟೋರಲ್ಲಿಟ್ಟು ಬೀಗ ಹಾಕಿದ್ದೆ,” ಎಂದ ಹೊನ್ನಪ್ಪ.

‘ಬರೆದವರು ಯಾರು ಎಂದು ಕೇಳಿದರೆ?’ ದಮಯಂತಿಗೆ ಅಳುಕಾಯಿತು. ಆದರೂ ಮುಂದೆ ಬಂದಳು. “ಬರೆದದ್ದು ನಾನು.”

ಆಫೀಸಿನ ಟೈಪಿಸ್ಟ್ ಇವ್ಲಿನ್, ಮಂಗಳೂರಿನವಳು, ಬ್ಯಾನರಿನ ಕೆಳ ಅಂಚನ್ನು ಸವರಿ ನೋಡುತ್ತಿದ್ದಳು.

“ಟೀಚರೇ, ಇದರಲ್ಲಿ ಇಷ್ಟೇ ಬರ್ದದ್ದಾ?”

“ಇಲ್ಲ! ಕೆಳಗೆ ಇನ್ನೊಂದು ಸಾಲಿತ್ತು—‘ಗುವಾಮ್ ಶಾಸನಸಭೆ, ೧೯೪೯’. ಎರಡನೇ ಮಹಾಯುದ್ಧ ಮುಗಿದ ಮೇಲೂ ಆ ದ್ವೀಪ ಅಮೆರಿಕದ ನೌಕಾಪಡೆಯ ಕೈಯಲ್ಲೇ ಇತ್ತು. ಜನ ಆರಿಸಿದ ಸಭೆಯ ಮಾತಿಗೆ ಗವರ್ನರ್ ಬೆಲೆ ಕೊಡಲಿಲ್ಲ. ಸದಸ್ಯರು ಎದ್ದು ಹೊರನಡೆದರು. ನಮ್ಮ ನಾಟಕ ಅದೇ.”

ಇವ್ಲಿನ್ ಅಂಚನ್ನು ಬಿಡಿಸಿದಳು. ಹಿಂದಕ್ಕೆ ಮಡಚಿದ್ದ ಸಾಲು ಹೊರಬಂತು. “ಹೊನ್ನಪ್ಪಣ್ಣ, ಇದನ್ನು ಓದಿ.”

“ನಂಗೆ ಇಂಗ್ಲಿಷ್ ಎಲ್ಲಿ ಬರುತ್ತಮ್ಮ? ಯಾವ ಸಾಲಲ್ಲಿ ಏನಿದೆ ಅಂತಲೇ ಗೊತ್ತಿಲ್ಲ.”

“ಬೇರೆಯವರ ಕೈಲಿ ಓದಿಸಿರ್ತಾನೆ!” ಎಂದ ಭೋಜರಾಜ.

“ಇರಲಿ. ಸ್ಟೋರಿನ ಬೀಗ ಮುರಿದಿಲ್ಲ. ಕೀ ಇರುವುದು ಇವರ ಹತ್ರ, ಮತ್ತೆ ನಿಮ್ಮ ಹತ್ರ. ಅಲ್ವಾ ಸಾರ್?”

“ಅದಕ್ಕೆ?”

“ಇದನ್ನು ಮಡಚಿ ಸ್ಟೇಪಲ್ ಹೊಡೆದಿದ್ದಾರೆ. ಇಲ್ಲಿರುವ ಒಂದೇ ಸ್ಟೇಪಲರ್ ನಿಮ್ಮ ಕ್ಯಾಬಿನ್‌ನಲ್ಲಿ. ಆ ಕ್ಯಾಬಿನ್ ಕೀ ನಿಮ್ಮೊಬ್ಬರ ಹತ್ರವೇ ಉಂಟು! ಗುವಾಮ್ ಅಂತ ಕಂಡರೆ ಇದು ನಾಟಕ ಅಂತ ಗೊತ್ತಾಗ್ತದೆ. ಮುಚ್ಚಿದರೆ ಸ್ಟ್ರೈಕ್!” ಅವಳ ದನಿ ತಗ್ಗಿತು. “ಯಾಕೆ ಸಾರ್, ಹೀಗೆ ಮಾಡಿದ್ದು?”

ಭೋಜರಾಜ ಗೇಟಿಗೆ ಒರಗಿದ. “ಈ ತಿಂಗಳು ಒಬ್ಬರನ್ನ ಕೆಲಸದಿಂದ ತೆಗೆದು ಊರಿಗೆ ಕಳಿಸಬೇಕಿತ್ತು—ನಾನು, ಇಲ್ಲ ಅವನು. ಮಗಳ ಓದು ಇಲ್ಲೇ ನಡೀತಿದೆ... ಹೆದರಿಬಿಟ್ಟೆ.”

ಇವ್ಲಿನ್ ಅದನ್ನು ಕಫೀಲರಿಗೆ ಇಂಗ್ಲಿಷಿನಲ್ಲಿ ಹೇಳಿದಳು. “ಖಲಾಸ್,” ಎಂದರು ಅವರು—ಮ್ಯಾನೇಜರನ ಕೆಲಸ ಮುಗಿದಿತ್ತು. ಭೋಜರಾಜ ಕೀಗೊಂಚಲನ್ನು ಅವರ ಕೈಗಿಟ್ಟ.

ದಮಯಂತಿ ಬ್ಯಾನರ್ ಬಿಚ್ಚಿ ಮಡಚತೊಡಗಿದಳು. ಹೊನ್ನಪ್ಪ ಇನ್ನೊಂದು ತುದಿ ಹಿಡಿದ.

“ಹೊರಗೆ ನಡೆದ್ರಲ್ಲ ಟೀಚರ್, ಅವರಿಗೆ ಆಮೇಲೆ ಏನಾಯ್ತು?”

“ಮರುವರ್ಷವೇ ಅಮೆರಿಕದ ಪೌರತ್ವ ಸಿಕ್ಕಿತು. ನೌಕಾಪಡೆಯ ಆಡಳಿತ ಹೋಯಿತು. ಅಮೆರಿಕದ ಅಧ್ಯಕ್ಷರನ್ನು ಆರಿಸೋಕೆ ಮಾತ್ರ ಇವತ್ತಿಗೂ ಓಟಿಲ್ಲ.”

“ಸದ್ಯ, ಅವರಲ್ಲಿ ಯಾರನ್ನೂ ಊರು ಬಿಡಿಸಲಿಲ್ಲವಲ್ಲ. ನಾನೂ ಉಳಿದೆ,” ಎಂದ ಹೊನ್ನಪ್ಪ. ಆಮೇಲೆ ಅಲ್ಲೇ ನೆಲದಲ್ಲಿ ಕೂತು ಮುಖ ಮುಚ್ಚಿಕೊಂಡ.