ಲತೇಶನಿಗೆ ಕೊಟ್ಟ ಇಂಜೆಕ್ಷನ್

"ಸರ್, ಆನ್ ಮರಿಯಾ ಅಂಥವಳಲ್ಲ. ಲೈಸೆನ್ಸ್ ಹೋದರೆ ಅವಳ ಕತೆ ಖಲಾಸ್," ಎನ್ನುತ್ತ ಲೋಲಾಕ್ಷಿ ಹರ್ಬರ್ಟ್ ಪಾಯ್ಸರ ಎದುರು ಕುಸಿದು ಕುಳಿತಳು. ಕೊಲ್ಲಿ ನಾಡಿನ ಖಾಲಿದಿಯಾ ಬಡಾವಣೆಯ ಆ ಆಸ್ಪತ್ರೆಯಲ್ಲಿ ಪಾಯ್ಸರು ಔಷಧ ವಿಭಾಗದ ಮುಖ್ಯಸ್ಥರು. ಯಾರಿಂದಲೂ ಬಿಡಿಸಲಾಗದ ಗೋಜಲುಗಳು ಕಡೆಗೆ ಬರುವುದು ಅವರ ಬಳಿಗೇ. ವಾರ್ಡಿನ ಹಿರಿಯ ನರ್ಸ್ ಲೋಲಾಕ್ಷಿ ಇಂಥವನ್ನು ಬಿಡಿಸಲು ಎಷ್ಟೋ ಸಲ ಅವರೊಡನೆ ಓಡಾಡಿದವಳು.

ಹಿಂದಿನ ದಿನ ಲತೇಶನೆಂಬವನಿಗೆ ಸೈನಸ್ ಆಪರೇಷನ್ ಆಗಿತ್ತು. ಎಚ್ಚರವಾದಾಗ ನೋವು ಕಾಡದಿರಲೆಂದು ಡಾಕ್ಟರು ನರ್ವ್ ಬ್ಲಾಕ್ ಕೊಟ್ಟಿದ್ದರು. ಮೂಗಿಗೂ ಅಂಗುಳಿಗೂ ಹೋಗುವ ನರವನ್ನು ಮರಗಟ್ಟಿಸುವ ಮದ್ದು ಅದು. ಅದನ್ನು ಸಿರಿಂಜಿಗೆ ತುಂಬಿಸಿದವಳು ಕಿರಿಯ ನರ್ಸ್ ಆನ್ ಮರಿಯಾ. ಆದರೆ ಆಪರೇಷನ್ ಆದವರು ಎಚ್ಚರಗೊಳ್ಳುವ ರಿಕವರಿ ಕೋಣೆಯಲ್ಲಿ ಒಬ್ಬನೇ ಇದ್ದ ನರ್ಸ್ ಸುಮಿತ್ ಬೇರೆಯೇ ಹೇಳಿದ್ದ: ಅಂಗುಳು ಸೀಳಿದ ಹಾಗೆ ನೋವೆಂದು ಲತೇಶ ಬೊಬ್ಬೆ ಹೊಡೆದ, ಬೀಗದ ಕಪಾಟಿನ, ಮಾರ್ಫಿನ್‌ನಂಥ ಬಲವಾದ ನೋವಿನ ಇಂಜೆಕ್ಷನ್ ಕೊಡಬೇಕಾಯಿತು. ಆನ್ ಮರಿಯಾ ಅಜಾಗ್ರತೆಯಿಂದ ಮದ್ದಿನ ಬದಲು ಬರೀ ಉಪ್ಪುನೀರಿನ ಸಲೈನ್ ತುಂಬಿಸಿರಬೇಕೆಂದು ಎಲ್ಲರೂ ನಂಬಿದ್ದರು. ಅವಳು ತುಂಬಿಸಿದ ಬ್ಲಾಕ್ ಹಿಡಿಯಲಿಲ್ಲವೆಂದು ಸುಮಿತ್ ಹೇಳಿದ್ದು ಇದು ಮೊದಲ ಸಲವೂ ಅಲ್ಲ.

ಇಬ್ಬರೂ ವಾರ್ಡಿಗೆ ಹೋದರು. ಲತೇಶನಿಗೆ ರಿಕವರಿಯ ನೆನಪೇ ಇರಲಿಲ್ಲ.

"ಈಗ ಹೇಗುಂಟು?" ಪಾಯ್ಸರು ಕೇಳಿದರು.

"ಮೂಗು ಅಡ್ಡಿಲ್ಲ ಸರ್. ಅಂಗುಳು ಉರಿ. ನಿನ್ನೆ ಇಲ್ಲಿಗೆ ತಂದ ಮೇಲೆ ಹೆಂಡತಿ ಫ್ಲಾಸ್ಕಿನ ಚಾ ಕೊಟ್ಟಳು. ನಾಲಗೆಗೆ ಬಿಸಿ ಗೊತ್ತಾಯ್ತು, ಮೇಲೆ ಅಂಗುಳಿಗೆ ಎಂತದೂ ಗೊತ್ತಾಗಲಿಲ್ಲ. ಇವತ್ತು ನೋಡಿದರೆ ಗುಳ್ಳೆ."

ಪಾಯ್ಸರು ಟಾರ್ಚ್ ಬಿಟ್ಟು ನೋಡಿ, ದಣಿದವರಂತೆ ನಿಟ್ಟುಸಿರಿಟ್ಟರು.

ಮಧ್ಯಾಹ್ನ ಅವರ ಕೋಣೆಯಲ್ಲಿ ಡಾಕ್ಟರು, ಆನ್ ಮರಿಯಾ, ಸುಮಿತ್ ಸೇರಿದರು. ಲೋಲಾಕ್ಷಿ ಬಾಗಿಲು ಮುಚ್ಚಿದಳು.

"ಬಿಸಿ ಚಾ ಅಂಗುಳು ಸುಟ್ಟದ್ದು ಲತೇಶನಿಗೆ ತಿಳಿಯಲೇ ಇಲ್ಲ," ಎಂದರು ಪಾಯ್ಸರು. "ನಾಲಗೆಗೆ ಮಾತ್ರ ತಿಳಿಯಿತು. ಬಲವಾದ ಇಂಜೆಕ್ಷನ್ ಇಡೀ ಮೈಯ ನೋವು ತಗ್ಗಿಸೀತು, ಅಂಗುಳೊಂದನ್ನೇ ಮರಗಟ್ಟಿಸಲಾರದು. ಅದು ಬ್ಲಾಕಿನ ಕೆಲಸ. ಅಂದರೆ ಈ ಹುಡುಗಿ ತುಂಬಿಸಿದ್ದು ಸರಿಯಾದ ಮದ್ದೇ. ಮರಗಟ್ಟಿದ ಅಂಗುಳು ಸೀಳಿದ ಹಾಗೆ ನೋಯುವುದು ಹೇಗೆ? ಬೊಬ್ಬೆ ಕೇಳಿದವ ನೀನೊಬ್ಬನೇ ಸುಮಿತ್. ಆ ಇಂಜೆಕ್ಷನ್ ಯಾರ ಮೈಗೆ ಹೋಯಿತು?"

ಸುಮಿತ್ ಕುರ್ಚಿ ಎಳೆದು ಕುಳಿತ. "ನನ್ನ ಮೈಗೇ ಸರ್. ಡಬಲ್ ಡ್ಯೂಟಿ. ಬೆನ್ನುನೋವಿಗೆ ಅಂತ ಒಂದು ಸಲ ತಗೊಂಡೆ. ಮತ್ತೆ ಬಿಡಲಿಕ್ಕೆ ಆಗಲಿಲ್ಲ."

"ನಾನು ನಿನ್ನನ್ನು ಅಣ್ಣ ಅಂತ ಕರೀತಿದ್ದೆ," ಎಂದಳು ಆನ್ ಮರಿಯಾ.

"ಮೇಲಿನವರಿಗೆ ನಾನು ಹೇಳಲೇಬೇಕು," ಪಾಯ್ಸರು ಸುಮಿತನ ಭುಜ ಹಿಡಿದು ಎಬ್ಬಿಸಿದರು. "ಮೊದಲು ನಿನಗೆ ಚಿಕಿತ್ಸೆ ಆಗಲಿ. ಬಾ."

ಗೆದ್ದ ಸಂತೋಷ ಲೋಲಾಕ್ಷಿಗೆ ಆಗಲೇ ಇಲ್ಲ. ಅಷ್ಟರಲ್ಲಿ ಫೋನ್ ಬಂತು: ರಿಕವರಿಯಲ್ಲಿ ರೋಗಿಯೊಬ್ಬ ಏಳುತ್ತಿದ್ದಾನೆ, ನೋಡಿಕೊಳ್ಳಲು ಯಾರೂ ಇಲ್ಲ. ಆನ್ ಮರಿಯಾ ಕಣ್ಣೊರೆಸಿಕೊಂಡು, ಸುಮಿತನ ಪಾಳಿಗೆ ತಾನೇ ಹೊರಟಳು.