ಹಗ್ಗದಾಚೆಯ ಬೆತ್ತದ ಕುರ್ಚಿ

ನಾನು ಬಡಗಿ. ದೊರೆಗಳ ಕಾಲದ ಕುರ್ಚಿಯಂಥದ್ದೇ ಬೇಕೆಂದು ಗಿರಾಕಿಯೊಬ್ಬರು ಹಟ ಹಿಡಿದಿದ್ದರಿಂದ, ಅದರ ಕೆತ್ತನೆ ಬರೆದುಕೊಳ್ಳಲು ಒಂದು ಮಧ್ಯಾಹ್ನ ವಸ್ತುಸಂಗ್ರಹಾಲಯಕ್ಕೆ ಹೋದೆ. ಹಳೆಯ ಮೇಜು ಕುರ್ಚಿಗಳ ಕೋಣೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹಗ್ಗದಾಚೆಗಿದ್ದ ಬೆತ್ತದ ಕುರ್ಚಿಯ ಎದುರು ನಿಂತು ಪೆನ್ಸಿಲ್ ತೆಗೆದೆನಷ್ಟೆ, ಕಾವಲುಗಾರ ಒಳಗೆ ಬಂದ.

“ನಿಮ್ಮ ತಾಯಿನ ಎಬ್ಬಿಸ್ರೀ. ಅದರ ಮೇಲೆ ಕೂರಬಾರದು.”

“ನಮ್ಮಮ್ಮ ಊರಲ್ಲಿದ್ದಾರೆ. ನಾನೊಬ್ಬನೇ ಬಂದಿರೋದು,” ಎಂದೆ.

ಹೋದವನು ಒಂದು ಗೆರೆ ಎಳೆಯುವಷ್ಟರಲ್ಲಿ ಮತ್ತೆ ಬಂದ. “ವಯಸ್ಸಾದವರು, ಸುಸ್ತಾಗಿರುತ್ತೆ. ಹೊರಗೆ ಬೆಂಚಿದೆ, ಅಲ್ಲಿ ಕೂರಿಸಿ.”

ನನಗೆ ತಲೆ ಕೆಟ್ಟುಹೋಯಿತು. ಕೆಲಸ ಬಿಟ್ಟು ಬಂದಿದ್ದೆ, ಕಾಗದದ ಮೇಲೆ ಕೆತ್ತನೆಯ ಒಂದು ಎಲೆಯೂ ಮೂಡಿರಲಿಲ್ಲ. ನಾನು ಕೂಗಾಡಿದ್ದು ಕೇಳಿ ಮೇಲ್ವಿಚಾರಕಿ ಓಡಿಬಂದರು.

“ನೀವೇ ನೋಡಿ ಮೇಡಂ, ಯಾರಿದ್ದಾರೆ ಅಲ್ಲಿ?”

ಅವರು ನೋಡಿದರು. ನಾನೂ ನೋಡಿದೆ. ಬಿಗಿಯಾಗಿದ್ದ ಬೆತ್ತದ ಹೆಣಿಗೆ ನಡುವೆ ಜಗ್ಗಿತ್ತು. ಅವರು ಬಗ್ಗಿ ಕುರ್ಚಿಯ ಕೈ ಮುಟ್ಟಿ, ಥಟ್ಟನೆ ಹಿಂದೆ ಸರಿದರು. “ಬೆಚ್ಚಗಿದೆ,” ಎಂದರು. ಆ ಕೋಣೆಯಲ್ಲಿ ಎ.ಸಿ.ಗೆ ನನ್ನ ಬೆರಳುಗಳೇ ಮರಗಟ್ಟಿದ್ದವು.

“ದಯವಿಟ್ಟು ಕರ್ಕೊಂಡು ಹೋಗಿ,” ಎಂದರು ನನಗೆ.

“ಯಾರನ್ನ?”

ಬೆತ್ತ ಕಿರುಗುಟ್ಟುತ್ತಾ ಮೆಲ್ಲಗೆ ಮೇಲಕ್ಕೆದ್ದಿತು. ಕಾವಲುಗಾರ ಹಗ್ಗ ಬಿಚ್ಚಿದ. ನಾನು ಸಿಟ್ಟಿನಿಂದ ಕಾಗದ ಮುದುರಿಕೊಂಡು ಹೊರಟೆ. ನಾನು ಹೊಸ್ತಿಲು ದಾಟಿದ ಮೇಲೂ ಅವನು ಬಾಗಿಲನ್ನು ಮುಚ್ಚದೆ ಹಿಡಿದುಕೊಂಡೇ ನಿಂತಿದ್ದ.

“ಮೆಲ್ಲಗಮ್ಮಾ,” ಎಂದ, “ಇಲ್ಲೊಂದು ಮೆಟ್ಟಿಲಿದೆ.”