ಅಂಗೈ ಒಪ್ಪಿದ ನುಣುಪು

ಮೇಸ್ತ್ರಿಯ ಮಗಳನ್ನು ಸೈಕಲ್ ಸಮೇತ ಕಾರಿನಲ್ಲಿ ಗುದ್ದಿ ಕೊಂದವನು ಗೋದಾಮಿನ ಯಜಮಾನ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ನ್ಯಾಯಾಲಯಕ್ಕೆ ಮಾತ್ರ ಗೊತ್ತಾಗಲಿಲ್ಲ. ಸಾಕ್ಷಿ ಸಾಲದು ಅಂದರು. ಹೊರಗೆ ಬಂದ ಯಜಮಾನ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ಆಗಿದ್ದು ಆಗ್ಹೋಯ್ತು ಮೇಸ್ತ್ರಿ, ಮನಸ್ಸಿಗೆ ಹಚ್ಕೋಬೇಡಿ" ಅಂದ. ಮೇಸ್ತ್ರಿ ತಲೆಯಾಡಿಸಿದ. ಅವನ ನಿರ್ಧಾರ ಅಲ್ಲೇ ಆಗಿಹೋಯಿತು.

ಸಾಕ್ಷಿ ಅಳಿಸುವುದೇ ಅವನ ಕಸುಬು. ಮುಖ ಒಡೆದುಕೊಂಡು ಬಂದ ಕಾರುಗಳು ಅವನ ಶೆಡ್ಡಿನಿಂದ ಮದುಮಗನ ಹಾಗೆ ಹೊರಡುತ್ತಿದ್ದವು. ಸ್ವಂತ ಕಾರೊಂದೇ ಹಾಗಿರಲಿಲ್ಲ. ಸೈಕಲ್ ಕಲಿಯುವಾಗ ಮಗಳು ಅದರ ಮುಂದಿನ ಎಡ ಮಡ್‌ಗಾರ್ಡಿಗೆ, ಬಾಗಿಲ ಪಕ್ಕದಲ್ಲೇ, ಹ್ಯಾಂಡಲ್ಲಿನಿಂದ ಗುದ್ದಿ ಗುಂಡಿ ಮಾಡಿದ್ದಳು.

"ಊರ ಕಾರಿಗೆಲ್ಲ ಮುಖ ತೊಳೀತೀಯ, ನಿನ್ನ ಕಾರಿನ ಮೂಗಲ್ಲಿ ಗೊಣ್ಣೆ ಯಾಕಣ್ಣ?" ಎಂದು ಪಕ್ಕದ ವೆಲ್ಡರ್ ಛೇಡಿಸುತ್ತಿದ್ದ.

"ಸುಮ್ನಿರಯ್ಯ, ಅದು ನನ್ ಮಗಳು ಹಾಕಿರೋ ರುಜು."

ಅವಳು ಹೋದ ಮೇಲೆ ವೆಲ್ಡರ್ ಆ ಮಾತೆತ್ತಲಿಲ್ಲ.

ಮೇಸ್ತ್ರಿ ಅವಸರಪಡಲಿಲ್ಲ. ಬ್ಯಾಟರಿ ಸತ್ತಿದೆ ಎಂದು ಎಲ್ಲರಿಗೂ ಹೇಳಿ ಕಾರನ್ನು ಶೆಡ್ಡಿನ ಒಳಗೋಣೆಗೆ ತಳ್ಳಿಸಿ ಟಾರ್ಪಾಲು ಹೊದಿಸಿದ. ಅದಕ್ಕೆ ಹೊಂದುವ ಹಳೆಯ ಹೆಡ್‌ಲೈಟನ್ನು ಗುಜರಿಯಲ್ಲಿ ಆರಿಸಿ ತಂದ. ಬಿಸಿಲಿಗೆ ಮಾಸಿದ ಬಣ್ಣವನ್ನೇ ಹೋಲುವಂತೆ ಬಣ್ಣ ಕಲಸಿ ಡಬ್ಬಿಯಲ್ಲಿಟ್ಟ. ಯಜಮಾನ ಬೆಳಗ್ಗೆ ಒಬ್ಬನೇ ನಡೆದು ಹೋಗುವ ರಸ್ತೆ ಅವನಿಗೆ ಬಾಯಿಪಾಠವಾಗಿತ್ತು.

ಮಂಜು ಕವಿದ ಒಂದು ಬೆಳಗ್ಗೆ ಎಲ್ಲ ಎಣಿಸಿದಂತೆಯೇ ನಡೆಯಿತು. ಕಾರು ಮೈಮೇಲೆ ಬರುವ ಮುನ್ನ ಯಜಮಾನ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಆಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದ ಮೇಸ್ತ್ರಿಗೆ ಹಾಗೇನೂ ಆಗಲಿಲ್ಲ. ಒಳಗೋಣೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತ.

ಒಡೆದ ಹೆಡ್‌ಲೈಟು ಬದಲಿಸಿ, ನಜ್ಜಾದ ಮಡ್‌ಗಾರ್ಡಿನ ತಗಡನ್ನು ಒಳಗಿನಿಂದ ತಟ್ಟಿ ತಟ್ಟಿ ಎಬ್ಬಿಸಿದ. ಬಣ್ಣ ಕೆರೆದು ಲೋಹ ಕಾಣಿಸಿದ. ತಗ್ಗು ತುಂಬುವ ಪುಟ್ಟಿ ಮೆತ್ತಿ, ಒಣಗಲು ಬಿಟ್ಟು, ಅಂಚು ಎಲ್ಲಿ ಮುಗಿಯಿತೆಂದು ಉಗುರಿಗೂ ತಿಳಿಯದಂತೆ ಉಜ್ಜಿದ. ಬೂದು ಪ್ರೈಮರ್ ಹೊಡೆದು, ಮೇಲೆ ಕಪ್ಪು ಪುಡಿ ಸವರಿ, ನೀರು ಹಾಕಿ ಮತ್ತೆ ಉಜ್ಜಿದ. ಕಪ್ಪು ಹೋದ ಕಡೆ ಸಮ, ಉಳಿದ ಕಡೆ ತಗ್ಗು. ಕೈ ತನ್ನ ಪಾಡಿಗೆ ನಡೆಯುತ್ತಿತ್ತು; ಕಣ್ಣ ಮುಂದೆ ಮಾತ್ರ ಯಜಮಾನ ತಿರುಗಿ ನೋಡಿದ ಮುಖ. ಒಂದು ಕಡೆ ಕಪ್ಪು ಹೋಗದೆ ಹಠ ಹಿಡಿಯಿತು. ಅಲ್ಲಿಗೂ ಪುಟ್ಟಿ ಕೊಟ್ಟ, ಉಜ್ಜಿದ. ಕೊನೆಗೆ ಕಣ್ಣು ಮುಚ್ಚಿ ಇಡೀ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿದ. ಎಲ್ಲೂ ತಡೆಯಲಿಲ್ಲ. ಬಣ್ಣ ಹೊಡೆದು, ಆರಿದ ಮೇಲೆ ಹೊಳಪು ತಗ್ಗಿಸಿ, ಶೆಡ್ಡಿನ ಧೂಳನ್ನೇ ಮೇಲೆ ಉದುರಿಸಿದ.

ಪೊಲೀಸರು ಬರುತ್ತಾರೆಂದು ಅವನಿಗೆ ಗೊತ್ತಿತ್ತು, ಬಂದರು. ಇನ್‌ಸ್ಪೆಕ್ಟರ್ ಟಾರ್ಪಾಲು ತೆಗೆಸಿ, ಬಗ್ಗಿ, ಟಾರ್ಚು ಬಿಟ್ಟು, ಮೂಸಿಯೂ ನೋಡಿದ. "ಹಳೇ ಬಣ್ಣ. ಒಂದು ಗೀರೂ ಇಲ್ಲ. ತಪ್ಪು ತಿಳೀಬೇಡಿ ಮೇಸ್ತ್ರಿ, ಮಗಳನ್ನ ಕಳ್ಕೊಂಡೋರನ್ನ ಕೇಳಬೇಕಾಯ್ತು."

"ನಿಮ್ ಕೆಲ್ಸ ನೀವು ಮಾಡ್ತೀರಿ, ಸಾರ್."

ಆಗಲೇ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಎಷ್ಟೋ ದಿನದ ಮೇಲೆ ಹೊದಿಕೆಯಿಲ್ಲದ ಕಾರು ಕಂಡು ಅವಳ ಮುಖ ಸಡಿಲಾಯಿತು. ಡಬ್ಬಿ ಕೆಳಗಿಟ್ಟು, ಮೊದಲು ದಿನಾ ಮಾಡುತ್ತಿದ್ದಂತೆ ಕಾರಿನ ಬಾಗಿಲ ಪಕ್ಕದಲ್ಲಿ, ಎಡ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟಳು. ಕೈ ಮೇಲೆ ಹೋಯಿತು, ಕೆಳಗೆ ಬಂತು, ನಿದ್ದೆಗಣ್ಣಿನಲ್ಲಿ ಪಕ್ಕದ ಮಗುವನ್ನು ತಡಕುವ ತಾಯಿಯ ಕೈಯಂತೆ. ಶೆಡ್ಡಿನ ಬಾಗಿಲು ದಾಟಿದ್ದ ಇನ್‌ಸ್ಪೆಕ್ಟರ್ ನಿಂತು ತಿರುಗಿದ. ಮೇಸ್ತ್ರಿಯ ಅಂಗೈಗೆ, ಕಪ್ಪು ಹಠ ಹಿಡಿದ ಆ ತಗ್ಗು ಈಗ ನೆನಪಾಯಿತು. "ರೀ," ಅಂದಳು ಹೆಂಡತಿ, ಇನ್ನೂ ತಡಕುತ್ತ, "ಅವಳು ಮಾಡಿದ್ದ ಗುಂಡಿ ಇಲ್ಲೇ ಇತ್ತಲ್ಲ. ಎಲ್ಲಿ ಹೋಯ್ತು?"